ಲಾರಿ ಮೋಟಾರು, ಒಂದೆಳೆ ನೂಲು

ಮುಳಗುಂದ ನಾಕಾದ ಗುಜರಿಯಲ್ಲಿ ತೂಕಕ್ಕೆ ಸಿಕ್ಕಿದ್ದು ಅದು.
ಎಷ್ಟೋ ವರ್ಷ ಲಾರಿಯೊಂದನ್ನು ನಸುಕಿನಲ್ಲಿ
ಒದ್ದು ಎಬ್ಬಿಸಿದ ಮೋಟಾರು,
ಮೈಗೆ ಇನ್ನೂ ಡೀಸೆಲ್ ಜಿಡ್ಡು.
ಬೆಟಗೇರಿಯ ತುಳಜಾಬಾಯಿಯ ಪಡಸಾಲೆಯಲ್ಲಿ ಇಳಿಸಿದಾಗ
ಆಕೆ ಕನ್ನಡಕ ಹಣೆಗೇರಿಸಿ ಕೇಳಿದಳು:
"ಇದಕ್ಕೇನ್ ತಿನ್ನಾಕ ಹಾಕಬೇಕಪಾ?"

ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಆಕೆಯ ಬಲ ಹೆಗಲು ಏಳದಾಗಿ ನಾಲ್ಕು ತಿಂಗಳು.
ನಲವತ್ತು ವರ್ಷ ರಾಟಿ ತಿರುವಿದ ಕೈ
ತಲೆ ಬಾಚಲೂ ಈಗ ಸೊಸೆಯನ್ನು ಕರೆಯುತ್ತದೆ.
ಕಂಡಿಕೆಯಿಲ್ಲದೆ ಲಾಳಿ ಬರಿದು,
ಲಾಳಿಯಿಲ್ಲದೆ ಕುಣಿಮಗ್ಗಕ್ಕೆ ಸೂತಕ.
ಓಣಿಯ ಕರೆಂಟು ನೆಚ್ಚುವಂಥದ್ದಲ್ಲ.
ಹಾಗಾಗಿ ಬ್ಯಾಟರಿ, ಹಾಗಾಗಿ ನಾನು.

ಮೊದಲ ದಿನ ನೇರ ತಂತಿ ಹಚ್ಚಿದೆ.
ಕಿಡಿ. ಒಂದೇ ನೆಗೆತ.
ಕಂಡಿಕೆ ಸಿಡಿದು ಗೋಡೆಯ ಕ್ಯಾಲೆಂಡರಿಗೆ ಬಡಿಯಿತು,
ಕೆಂಪು ನೂಲು ಫ್ಯಾನಿನ ರೆಕ್ಕೆಗೆ ತೊಡರಿತು.
"ಇರ್ಲಿ, ಹುಡುಗರು ಹಿಂಗ ಇರ್ತಾವು" ಅಂದಳು.
ನನಗೆ ಹೇಳಿದ್ದೋ ಮೋಟಾರಿಗೋ, ತಿಳಿಯಲಿಲ್ಲ.

ಎರಡನೆಯ ದಿನ ತಡೆ ಹಾಕಿದೆ:
ಒಡೆದ ಹೆಂಚಿಗೆ ಸುತ್ತಿದ ಬೇಲಿಯ ತಂತಿ.
ವೇಗ ಇಳಿಯಿತು ನಿಜ, ತಂತಿ ಕೆಂಡವಾಯಿತು.
ಸೊಸೆ ಅದರ ಮೇಲೊಂದು ಹಪ್ಪಳ ಸುಟ್ಟು ತೋರಿಸಿದಳು.
ನಕ್ಕೆವು. ಸಂಜೆಯೊಳಗೆ ಬ್ಯಾಟರಿ ಸತ್ತಿತ್ತು,
ಅರ್ಧ ದುಡಿಮೆ ಹಪ್ಪಳಕ್ಕೆ.

ರಾತ್ರಿ ದಾವಲಸಾಬ ಉಸ್ತಾದರ ಮಾತು ನೆನಪಾಯಿತು:
"ಹನ್ನೆರಡು ವೋಲ್ಟ್ ಅಂದ್ರ ಮೆತ್ತನ ಮನಷ್ಯಾ.
ಬರಿಗೈಲೆ ಮುಟ್ಟು, ಚುರ್ ಅನ್ನೂದಿಲ್ಲ.
ಪಾನಾ ಅಡ್ಡ ಬಿದ್ರ ಮಾತ್ರ ಅದನ್ನ ಕರಗಸಿಬಿಡ್ತಾನ.
ದನಿ ಸಣ್ಣದು, ಹೊಟ್ಟಿ ದೊಡ್ಡದು.
ಅಂಥವ್ರಿಗೆ ಅಡ್ಡ ನಿಲ್ಲಬ್ಯಾಡ,
ಬಿಟ್ಟು ಬಿಟ್ಟು ಕೊಡು."

ಬಿಟ್ಟು ಬಿಟ್ಟು.
ಆರು ಮಾಸ್ಫೆಟ್‌ಗಳನ್ನು ಅಲ್ಯುಮಿನಿಯಂ ಪಟ್ಟಿಯ ಮೇಲೆ
ಪಂಕ್ತಿಗೆ ಕೂತವರ ಹಾಗೆ ಕೂಡಿಸಿದೆ;
ಒಬ್ಬನಿಗೇ ಬಡಿಸಿದರೆ ಹೊಟ್ಟೆ ಒಡೆದಾನು.
ಬಾಗಿಲು ಮುಚ್ಚಿದಾಗ ಒಳಗುಳಿದ ಹರಿವಿಗೆ
ಹಿತ್ತಿಲ ದಾರಿಯಾಗಿ ಒಂದು ದಪ್ಪ ಡಯೋಡು.
ಈಗ ಸೆಕೆಂಡಿಗೆ ಎಂಟು ಸಾವಿರ ಸಲ
ಕೊಡು, ನಿಲ್ಲಿಸು, ಕೊಡು, ನಿಲ್ಲಿಸು.
ಕೊಟ್ಟರೆ ಪೂರ್ತಿ ಕೊಡುವುದು,
ಇಲ್ಲವೆಂದರೆ ಪೂರ್ತಿ ಇಲ್ಲ;
ನಡುವೆ ನಿಂತು ಬಿಸಿಯಾಗುವ ಮಾತಿಲ್ಲ.
ಮೋಟಾರಿಗೆ ಎಣಿಕೆ ಬಾರದು.
ಸರಾಸರಿಯನ್ನೇ ತನ್ನ ಪಾಲೆಂದು ನಂಬಿ
ಮೆಲ್ಲಗೆ ತಿರುಗಿತು.

ತುಸು ಹೊತ್ತು, ಅಷ್ಟೇ.
ನೂಲು ಹಗುರ. ಹೊರೆಯಿಲ್ಲದಿದ್ದರೆ ಈ ಜಾತಿಯ ಮೋಟಾರು
ನಿಲ್ಲುವುದನ್ನು ಮರೆತು ಓಡಿ ಓಡಿ
ತನ್ನ ತಾಮ್ರವನ್ನೇ ಕಾರಿಕೊಳ್ಳುತ್ತದೆ.
ಬಟನ್ನು ಎಷ್ಟು ಇಳಿಸಿದರೂ ಅದಕ್ಕೆ ಹುಚ್ಚು ಏರುತ್ತಲೇ ಇತ್ತು.
ನನಗೆ ಕಾರಣ ಗೊತ್ತಿತ್ತು, ಮದ್ದು ಹೊಳೆದಿರಲಿಲ್ಲ.

ತುಳಜಾಬಾಯಿ ತಮ್ಮ ಮನೆಮಾತಿನಲ್ಲಿ ಸೊಸೆಗೆ ಏನೋ ಹೇಳಿದಳು.
ಬಂದದ್ದು ಗಂಡನ ಹಳೆಯ ಚರ್ಮದ ಬೆಲ್ಟು,
ಜೊತೆಗೆ ತಕ್ಕಡಿಯ ಎರಡು ಕಿಲೋ ಬಟ್ಟು.
ಬೆಲ್ಟನ್ನು ಗಾಲಿಯ ಮೇಲೆ ಹಾಯಿಸಿ
ಒಂದು ತುದಿ ಮೊಳೆಗೆ, ಇನ್ನೊಂದಕ್ಕೆ ಬಟ್ಟು.
"ಏನಾರ ಜಗ್ಗಾಕ ಕೊಡು ಅದಕ್ಕ.
ಖಾಲಿ ಕುಂತ್ರ ಯಾರದಾರ ತಲಿ ತಿರಗತೈತಿ."
ಹೇಳಿ, ಎಡಗೈಯಿಂದ ಬಲ ಹೆಗಲು ನೀವಿಕೊಂಡಳು.

ಚರ್ಮದ ಕಮಟು ವಾಸನೆ.
ಗುಂಯ್‌ಗುಡುವಿಕೆ ತಗ್ಗಿ, ತಗ್ಗಿ, ಒಂದು ದನಿಗೆ ನಿಂತಿತು.
ಕುಣಿಯೊಳಗಿನಿಂದ ಗಂಡ ಕತ್ತೆತ್ತಿ ನೋಡಿದ.
ನನ್ನ ಮೀಟರಿನಲ್ಲಿ ಮೂವತ್ತೆಂಟು ಆಂಪಿಯರ್.
ಆಕೆ ಮೀಟರು ನೋಡಲಿಲ್ಲ.
ಎಡಗೈಯ ಎರಡು ಬೆರಳ ನಡುವೆ ನೂಲು ಹಾಯಬಿಟ್ಟು
ಕಣ್ಣು ಮುಚ್ಚಿದಳು:
"ಇನ್ನೊಂದು ಕೂದಲೆಳಿಯಷ್ಟು ಇಳಸು."

ಇಳಿಸಿದೆ.